ಹಕ್ಕಿಯ ಕಣ್ಣೊಂದೇ ಕಂಡರೆ ಸಾಕಾ ಡಾಕ್ಟ್ರೇ?

ದ್ರೋಣಾಚಾರ್ಯರು ಶಿಷ್ಯರಿಗೆ ಇಟ್ಟ ಪರೀಕ್ಷೆ ನಿಮಗೆಲ್ಲ ಗೊತ್ತಲ್ಲ? ಮರದ ಮೇಲೆ ಒಂದು ಹಕ್ಕಿ. ಏನು ಕಾಣ್ತಿದೆ ಹೇಳು ಅಂತ ಒಬ್ಬೊಬ್ಬರನ್ನೇ ಕೇಳ್ತಾರೆ. ಒಬ್ಬನಿಗೆ ಮರ ಕಾಣುತ್ತೆ, ಕೊಂಬೆ ಕಾಣುತ್ತೆ, ಗುರುಗಳು ಕಾಣ್ತಾರೆ, ಪಕ್ಕದಲ್ಲಿ ನಿಂತ ಅಣ್ಣ ತಮ್ಮಂದಿರೂ ಕಾಣ್ತಾರೆ. ಅವನು ಫೇಲು. ಅರ್ಜುನನಿಗೆ ಹಕ್ಕಿಯ ಕಣ್ಣೊಂದೇ ಕಾಣುತ್ತೆ. ಅವನು ಪಾಸು. ಪ್ರೈಮರಿ ಸ್ಕೂಲಿನ ಮೇಷ್ಟ್ರಿಂದ ಹಿಡಿದು ಕೋಚಿಂಗ್ ಸೆಂಟರಿನವರ ತನಕ ಎಲ್ಲರೂ ನಮಗೆ ಹೇಳಿಕೊಟ್ಟಿದ್ದು ಇದನ್ನೇ. ಏಕಾಗ್ರತೆ ಅಂದ್ರೆ ಹೀಗಿರಬೇಕು.

ಬಿಲ್ಲು ಹಿಡಿದವನಿಗೆ ಅದು ಸರಿ. ಆದರೆ ಅರ್ಜುನನ ಕೈಯಲ್ಲಿ ಬಿಲ್ಲಿನ ಬದಲು ಕತ್ತರಿ ಇದ್ದರೆ? ಎದುರಿಗಿರುವುದು ಹಕ್ಕಿ ಅಲ್ಲ, ಆಪರೇಷನ್ ಟೇಬಲ್ ಮೇಲೆ ಮಲಗಿರುವ ನಿಮ್ಮ ತಾಯಿಯ ಪಿತ್ತಕೋಶ ಆಗಿದ್ದರೆ? ಆಗಲೂ ಕಣ್ಣೊಂದೇ ಕಂಡರೆ ಸಾಕಾ, ಅಥವಾ ಮರ, ಕೊಂಬೆ, ಪಕ್ಕದಲ್ಲಿ ನಿಂತವರು ಎಲ್ಲರೂ ಕಾಣಬೇಕಾ? ಇವತ್ತು ಮಾತಾಡೋದು ಅದರ ಬಗ್ಗೆ.

ಈಗ ಡಾಕ್ಟರ್‌ಗಳನ್ನು ತಯಾರು ಮಾಡುವ ರೀತಿಯೇ ಬದಲಾಗ್ತಿದೆ. ಸರ್ಜನ್ ಆಗಲು ಹೊರಟ ಹುಡುಗ, ಹುಡುಗಿಯರ ತಲೆಗೆ ಒಂದು ಹೆಡ್‌ಸೆಟ್ ಹಾಕ್ತಾರೆ, ಎರಡು ಕೈಗೂ ಕಂಟ್ರೋಲರ್ ಕೊಡ್ತಾರೆ. ಕಣ್ಣೆದುರು ಇಡೀ ಆಪರೇಷನ್ ಥಿಯೇಟರ್ ಪ್ರತ್ಯಕ್ಷ. ವರ್ಚುವಲ್ ರಿಯಾಲಿಟಿ, ವಿಆರ್ ಅಂತಾರಲ್ಲ, ಅದು. ಅಲ್ಲಿ ಕೊಯ್ದರೆ ರಕ್ತ ಬರುತ್ತೆ, ಆದರೆ ಯಾರಿಗೂ ನೋವಿಲ್ಲ. ತಪ್ಪಾದರೆ ಮತ್ತೆ ಮೊದಲಿನಿಂದ ಶುರು. ಹತ್ತು ನಿಮಿಷ ಆಯ್ತು ಅಂದುಕೊಂಡು ಹೆಡ್‌ಸೆಟ್ ತೆಗೆದರೆ ಗಡಿಯಾರದಲ್ಲಿ ಮುಕ್ಕಾಲು ಗಂಟೆ ದಾಟಿರುತ್ತೆ. ಅಷ್ಟು ಮುಳುಗಿ ಹೋಗಿರ್ತಾರೆ.

ಈ ಮುಳುಗುವಿಕೆಗೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ. ಫ್ಲೋ. ಕನ್ನಡದಲ್ಲಿ ತಲ್ಲೀನತೆ ಅನ್ನಿ. ಹೆಸರು ಕೊಟ್ಟವರು ಮಿಹಾಯ್ ಚಿಕ್ಸೆಂಟ್‌ಮಿಹಾಯ್. ಹೆಸರು ಹೇಳೋಕೇ ನಾಲ್ಕು ಸಲ ಪ್ರಾಕ್ಟೀಸ್ ಬೇಕು, ಬಿಡಿ. ಹಂಗೇರಿ ಮೂಲದವರು, ಅಮೆರಿಕದ ಶಿಕಾಗೋದಲ್ಲಿ ಪ್ರೊಫೆಸರ್ ಆಗಿದ್ದರು, 2021ರಲ್ಲಿ ತೀರಿಕೊಂಡರು. ಮನುಷ್ಯ ಯಾವಾಗ ಕೆಲಸದಲ್ಲಿ ತನ್ನನ್ನೇ ಮರೆಯುತ್ತಾನೆ ಅನ್ನೋದು ಅವರ ಜೀವಮಾನದ ಪ್ರಶ್ನೆ. 1975ರಲ್ಲಿ ಬಂದ ಅವರ ಪುಸ್ತಕಕ್ಕೆ ಬಂಡೆ ಹತ್ತುವವರನ್ನು, ಚೆಸ್ ಆಡುವವರನ್ನು, ಡ್ಯಾನ್ಸ್ ಮಾಡುವವರನ್ನು ಮಾತಾಡಿಸಿದರು. ಅವರ ಜೊತೆಗೆ ಯಾರು ಗೊತ್ತಾ? ಸರ್ಜನ್‌ಗಳು!

ಯಾಕೆ ಸರ್ಜನ್? ಅವರು ಹೇಳಿದ್ದು ಇಷ್ಟು. ತಲ್ಲೀನತೆ ಬರಬೇಕಾದರೆ ಮಾಡುವ ಕೆಲಸ ನಮ್ಮ ಸಾಮರ್ಥ್ಯಕ್ಕೆ ಸರಿಸಮ ಇರಬೇಕು. ತೀರಾ ಸುಲಭ ಆದರೆ ಬೇಸರ, ತೀರಾ ಕಷ್ಟ ಆದರೆ ಭಯ. ಮುಂದೇನು ಮಾಡಬೇಕು ಅನ್ನೋದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಅನ್ನೋದು ಆಗಿಂದಾಗಲೇ ತಿಳಿಯಬೇಕು. ಸರ್ಜರಿಯಲ್ಲಿ ಇದೆಲ್ಲ ಇದೆಯಲ್ಲ? ಮಾತ್ರೆ ಬರೆದುಕೊಟ್ಟ ಡಾಕ್ಟರು ವಾರ ಬಿಟ್ಟು ಬನ್ನಿ ಅಂತಾರೆ. ಸರ್ಜನ್‌ಗೆ ಮಾತ್ರ ಉತ್ತರ ಅಲ್ಲೇ, ಕೈಯ ಕೆಳಗೇ ಸಿಗುತ್ತೆ. ರಕ್ತ ಚಿಮ್ಮಿದರೆ ತಪ್ಪು, ಚಿಮ್ಮದಿದ್ದರೆ ಸರಿ.

ವಿಆರ್ ಯಂತ್ರವೂ ಇದನ್ನೇ ಮಾಡುತ್ತೆ. ಎಡಗೈ ಎಷ್ಟು ಅಲುಗಾಡಿತು, ಬಲಗೈ ಎಷ್ಟು ಬೇಡದ ದೂರ ಓಡಾಡಿತು, ಎಲ್ಲಿ ಸುಡಬಾರದೋ ಅಲ್ಲಿ ಸುಟ್ಟಿರಾ, ಎಲ್ಲ ಲೆಕ್ಕ ಇಡುತ್ತೆ. ಏಕಲವ್ಯ ಮಣ್ಣಿನ ದ್ರೋಣರ ಮುಂದೆ ಕಲಿತ, ನಿಜ. ಆದರೆ ಆ ಮಣ್ಣಿನ ಗುರು, ನಿನ್ನ ಮೊಣಕೈ ತಪ್ಪಿದೆ ಕಣಯ್ಯಾ ಅಂತ ಒಂದು ದಿನವೂ ಹೇಳಲಿಲ್ಲ. ಈ ಯಂತ್ರ ಹೇಳುತ್ತೆ. ಹೆಬ್ಬೆರಳೂ ಕೇಳೋದಿಲ್ಲ.

ಇದೆಲ್ಲ ವಿಡಿಯೋ ಗೇಮ್ ಥರ ಇದೆ, ಇದರಿಂದ ನಿಜವಾದ ಆಪರೇಷನ್ ಬರುತ್ತಾ ಅಂತ ನೀವು ಕೇಳಬಹುದು. ಕೇಳಲೇಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು, 2002ರಲ್ಲಿ ವರದಿ ಬಂತು. ಸರ್ಜರಿ ಕಲಿಯುತ್ತಿದ್ದ 16 ಜನ ಯುವ ಡಾಕ್ಟರ್‌ಗಳು. ಎಂಟು ಜನರಿಗೆ ಮಾಮೂಲಿ ತರಬೇತಿ, ಇನ್ನೆಂಟು ಜನರಿಗೆ ಅದರ ಜೊತೆಗೆ ವಿಆರ್. ಆಮೇಲೆ ಎಲ್ಲರೂ ನಿಜವಾದ ರೋಗಿಗಳಿಗೆ, ಹಿರಿಯ ಸರ್ಜನ್ ಪಕ್ಕದಲ್ಲಿರುವಾಗ, ಪಿತ್ತಕೋಶ ಬಿಡಿಸುವ ಆಪರೇಷನ್ ಮಾಡಿದರು. ಹೊಟ್ಟೆ ಸೀಳದೆ, ಸಣ್ಣ ತೂತುಗಳಲ್ಲಿ ಕ್ಯಾಮೆರಾ ಮತ್ತು ಉಪಕರಣ ತೂರಿಸಿ, ಟಿವಿ ನೋಡಿಕೊಂಡು ಮಾಡ್ತಾರಲ್ಲ, ಲ್ಯಾಪರೊಸ್ಕೋಪಿ, ಅದು. ಯಾರು ವಿಆರ್‌ನಲ್ಲಿ ಕಲಿತವರು, ಯಾರು ಅಲ್ಲ ಅನ್ನೋದು ವಿಡಿಯೋ ನೋಡಿ ಅಂಕ ಹಾಕಿದವರಿಗೆ ಗೊತ್ತಿರಲಿಲ್ಲ.

ಫಲಿತಾಂಶ ಕೇಳಿ. ವಿಆರ್‌ನಲ್ಲಿ ಕಲಿತವರು ಶೇಕಡ 29ರಷ್ಟು ಬೇಗ ಮುಗಿಸಿದರು. ಬೇಗ ಮುಗಿಸಿದ್ದು ದೊಡ್ಡ ಸುದ್ದಿ ಅಲ್ಲ, ಅವಸರದಲ್ಲೂ ಬೇಗ ಮುಗಿಯುತ್ತೆ. ಸುದ್ದಿ ಏನಂದ್ರೆ, ಅವರ ತಪ್ಪುಗಳು ಆರರಲ್ಲಿ ಒಂದು ಪಾಲಿಗೆ ಇಳಿದಿದ್ದವು. ಕಲಿಯದವರು ಪಿತ್ತಕೋಶಕ್ಕೆ ಗಾಯ ಮಾಡುವ, ಪಕ್ಕದ ಅಂಗಾಂಶ ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚು ಇತ್ತು.

ಆ ಯೇಲ್ ಯಂತ್ರ ಹೇಗಿತ್ತು ಅಂತ ಗೊತ್ತಾದರೆ ನಗ್ತೀರಿ. ಹೆಡ್‌ಸೆಟ್ ಇಲ್ಲ, ರಕ್ತ ಇಲ್ಲ, ಹೊಟ್ಟೆಯೂ ಇಲ್ಲ. ಒಂದು ಕಂಪ್ಯೂಟರ್ ಪರದೆ, ಎರಡು ಹಿಡಿಕೆ, ಕಾಲಿಗೊಂದು ಪೆಡಲ್. ಪರದೆ ಮೇಲೆ ಗುಂಡಗಿನ ಚೆಂಡುಗಳು, ಚೌಕದ ಪೆಟ್ಟಿಗೆಗಳು. ಅದನ್ನು ಹಿಡಿ, ಇಲ್ಲಿಡು, ಇದನ್ನು ಸುಡು. ಅಷ್ಟೇ! ಆದರೆ ಅವರು ಒಂದು ಕೆಲಸ ಮಾಡಿದ್ದರು. ಇಷ್ಟು ಗಂಟೆ ಕೂತು ಎದ್ದು ಹೋಗು ಅನ್ನಲಿಲ್ಲ. ಮೊದಲು ನುರಿತ ಸರ್ಜನ್‌ಗಳನ್ನು ಅದೇ ಯಂತ್ರದ ಮುಂದೆ ಕೂರಿಸಿ ಅವರ ಮಟ್ಟ ಏನು ಅಂತ ಅಳೆದರು. ಆ ಮಟ್ಟ ಮುಟ್ಟುವ ತನಕ ಶಿಷ್ಯನನ್ನು ಏಳಲು ಬಿಡಲಿಲ್ಲ. ಯಂತ್ರಕ್ಕಿಂತ ಈ ಹಟದಲ್ಲೇ ಗುಟ್ಟಿದೆ ಅಂತ ನನ್ನ ಅನಿಸಿಕೆ.

ಚೆಂಡು, ಪೆಟ್ಟಿಗೆ ಆಡಿಸಿದವರು ಹೊಟ್ಟೆಯೊಳಗೆ ಹೋಗಿ ಕಡಿಮೆ ತಪ್ಪು ಮಾಡಿದ್ದು ಹೇಗೆ? ಡ್ರೈವಿಂಗ್ ಕಲಿತ ದಿನ ನೆನಪು ಮಾಡಿಕೊಳ್ಳಿ. ಕ್ಲಚ್, ಬ್ರೇಕು, ಗೇರು, ಕನ್ನಡಿ. ಪಕ್ಕದಲ್ಲಿ ಕೂತವರು ಒಂದು ಮಾತಾಡಿದರೆ ಗಾಡಿ ಆಫ್. ಈಗ? ಗೇರು ಯಾವಾಗ ಬದಲಾಯಿಸಿದಿರಿ ಅನ್ನೋದೇ ನಿಮಗೆ ಗೊತ್ತಾಗಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಲಗಡೆಯಿಂದ ನುಗ್ಗುವ ಆಟೋ ನೋಡ್ತಾ, ಎಡಗಡೆ ಬೈಕಿಗೆ ದಾರಿ ಬಿಡ್ತಾ ಓಡಿಸ್ತೀರಿ. ಮನಸ್ಸಿನ ಗಮನ ಅನ್ನೋದು ಒಂದು ಬಿಂದಿಗೆ ನೀರು. ಕೈಕಾಲಿಗೇ ಅಷ್ಟೂ ಸುರಿದರೆ ಕಣ್ಣಿಗೆ ಉಳಿಯಲ್ಲ.

ಲ್ಯಾಪರೊಸ್ಕೋಪಿಯಲ್ಲಿ ಈ ಕಷ್ಟ ಇನ್ನೂ ಜಾಸ್ತಿ. ಉಪಕರಣ ಹೊಟ್ಟೆಯ ತೂತಿನಲ್ಲಿ ಸಿಕ್ಕಿಕೊಂಡಿರೋದರಿಂದ ಕೈ ಬಲಕ್ಕೆ ತಿರುಗಿಸಿದರೆ ತುದಿ ಎಡಕ್ಕೆ ಹೋಗುತ್ತೆ. ಮಾಮೂಲಿ ಟಿವಿ ಪರದೆಯಲ್ಲಿ ಆಳ ತಿಳಿಯಲ್ಲ. ಬೆರಳಿಗೆ ಮುಟ್ಟಿದ ಅನುಭವ ಇಲ್ಲ. ಹೊಸಬನ ಮಿದುಳು ಈ ತಿರುಗುಮುರುಗು ಲೆಕ್ಕದಲ್ಲೇ ಸುಸ್ತಾಗಿರುತ್ತೆ. ಆ ಲೆಕ್ಕವನ್ನು ಯಂತ್ರದ ಮೇಲೆ ಮುಗಿಸಿ ಬಂದವನಿಗೆ ರೋಗಿಯ ಕಡೆ ನೋಡಲು ಗಮನ ಉಳಿದಿರುತ್ತೆ. ವಿಆರ್‌ನ ಲಾಭ ಇದು, ಇದರಲ್ಲಿ ನನಗೆ ಅನುಮಾನ ಇಲ್ಲ.

(ಇಲ್ಲೊಂದು ಮಾತು. ಮನೆಯಲ್ಲಿ ಗೇಮ್ ಆಡುವ ಹುಡುಗ್ರಿಗೆ ಖುಷಿ ಆಗುವ ಅಧ್ಯಯನವೂ ಇದೆ. 2007ರಲ್ಲಿ ನ್ಯೂಯಾರ್ಕ್‌ನ ಸರ್ಜನ್ ಜೇಮ್ಸ್ ರೋಸರ್ ಮತ್ತು ಸಂಗಡಿಗರು 33 ಡಾಕ್ಟರ್‌ಗಳನ್ನು ನೋಡಿ, ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ವಿಡಿಯೋ ಗೇಮ್ ಆಡಿದವರು ಲ್ಯಾಪರೊಸ್ಕೋಪಿ ಕಸರತ್ತಿನಲ್ಲಿ ಶೇಕಡ 37ರಷ್ಟು ಕಡಿಮೆ ತಪ್ಪು ಮಾಡಿದರು ಅಂತ ಬರೆದರು. ಆದರೆ ಗೇಮ್ ಆಡಿದ್ದಕ್ಕೆ ಕೈ ಚುರುಕಾಯ್ತೋ, ಕೈ ಚುರುಕಿದ್ದವರು ಗೇಮ್‌ಗೆ ಹೋದರೋ? ಅಮ್ಮನಿಗೆ ಅರ್ಧ ಮಾತ್ರ ಹೇಳಬೇಡ್ರಪ್ಪಾ.)

ಸರಿ, ಗಮನ ಉಳೀತು. ಉಳಿದ ಗಮನವನ್ನು ಏನು ಮಾಡ್ತಾನೆ? ನನ್ನ ತಕರಾರು ಇಲ್ಲಿಂದ ಶುರು.

ಉಳಿದದ್ದನ್ನೂ ಅದೇ ಪರದೆಯೊಳಗೆ ಸುರಿದು ಇನ್ನಷ್ಟು ಆಳಕ್ಕೆ ಮುಳುಗಬಹುದು. ಅಥವಾ ತಲೆ ಎತ್ತಿ ಸುತ್ತ ನೋಡಬಹುದು. ಹೆಡ್‌ಸೆಟ್ ಯಾವುದನ್ನು ಕಲಿಸುತ್ತೆ? ಅದು ಇರೋದೇ ಹೊರಗಿನದ್ದೆಲ್ಲ ಮುಚ್ಚಿಹಾಕೋಕೆ. ಮಾರುವವರು ಹೆಮ್ಮೆಯಿಂದ ಹೇಳಿಕೊಳ್ಳೋದೂ ಅದನ್ನೇ, ಕಲಿಯುವವರು ಪೂರ್ತಿ ಮುಳುಗಿ ಹೋಗ್ತಾರೆ ಅಂತ. ಸ್ವಾಮಿ, ಮಜಾ ಬಂತು ಅನ್ನೋದು ಬೇರೆ, ಕಲಿತೆ ಅನ್ನೋದು ಬೇರೆ. ತಲ್ಲೀನನಾಗಿದ್ದೆ ಅಂತ ಅವನೇ ಫಾರಂ ತುಂಬಿ ಕೊಟ್ಟರೆ ರೋಗಿ ಉಳಿದ ಹಾಗಲ್ಲ.

2003ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯರು ಒಂದು ಲೆಕ್ಕ ಕೊಟ್ಟರು. ಲಾರೆನ್ಸ್ ವೇ ಮತ್ತು ಅವರ ತಂಡ. ಪಿತ್ತಕೋಶದ ಲ್ಯಾಪರೊಸ್ಕೋಪಿ ಮಾಡುವಾಗ ಮುಖ್ಯ ಪಿತ್ತನಾಳಕ್ಕೇ ಕತ್ತರಿ ಬಿದ್ದು ಅನಾಹುತ ಆದ 252 ಕೇಸುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಕತ್ತರಿಸಬೇಕಾದದ್ದು ಪಿತ್ತಕೋಶದಿಂದ ಹೊರಡುವ ಸಣ್ಣ ಕವಲು. ಕತ್ತರಿಸಿದ್ದು ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ನಾಳ. ಇದಾದರೆ ರೋಗಿಗೆ ಮತ್ತೆ ದೊಡ್ಡ ಆಪರೇಷನ್, ವರ್ಷಗಟ್ಟಲೆ ನರಳಾಟ. ಕೈ ನಡುಗಿ ತಪ್ಪಾಯ್ತಾ? ಇಲ್ಲ. ಕೈಚಳಕದ ಕೊರತೆ ಕಾರಣ ಆಗಿದ್ದು ಶೇಕಡ 3ರಲ್ಲಿ ಮಾತ್ರ. ಶೇಕಡ 97ರಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ. ಇದೇ ಅದು ಅಂತ ಮನಸ್ಸು ಒಮ್ಮೆ ತೀರ್ಮಾನ ಮಾಡಿಬಿಡ್ತು. ಆಮೇಲೆ ಆ ನುರಿತ ಕೈ, ಬಹಳ ಅಚ್ಚುಕಟ್ಟಾಗಿ, ತಪ್ಪು ನಾಳವನ್ನು ಕತ್ತರಿಸಿತು.

ಏಕಾಗ್ರತೆ ಕಮ್ಮಿ ಇತ್ತು ಅಂತ ಹೇಳ್ತೀರಾ ಇದಕ್ಕೆ? ನಾನಂತೂ ಹೇಳಲ್ಲ.

ಇನ್ನೊಂದು ಪ್ರಯೋಗ 2013ರದ್ದು. ಎಕ್ಸ್‌ರೇ, ಸ್ಕ್ಯಾನ್ ಓದುವುದನ್ನೇ ವೃತ್ತಿ ಮಾಡಿಕೊಂಡ 24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಕೊಟ್ಟು, ಗಂಟುಗಳನ್ನು ಹುಡುಕಿ ಅಂದರು. ಸ್ಕ್ಯಾನ್ ಒಳಗೆ ಬೇಕೆಂದೇ ಒಂದು ಗೊರಿಲ್ಲಾದ ಚಿತ್ರ ಸೇರಿಸಿದ್ದರು. ಹುಡುಕುತ್ತಿದ್ದ ಗಂಟಿಗಿಂತ 48 ಪಟ್ಟು ದೊಡ್ಡದು. 24ರಲ್ಲಿ 20 ಜನರಿಗೆ ಗೊರಿಲ್ಲಾ ಕಾಣಲೇ ಇಲ್ಲ! ಅವರಲ್ಲಿ ಹೆಚ್ಚಿನವರ ಕಣ್ಣಿನ ದೃಷ್ಟಿ ಆ ಜಾಗದ ಮೇಲೆ ಹಾದು ಹೋಗಿತ್ತು, ಆದರೂ ಕಾಣಲಿಲ್ಲ. ಗಂಟು ಹುಡುಕುವ ಮನಸ್ಸಿಗೆ ಗೊರಿಲ್ಲಾ ಬೇಕಿರಲಿಲ್ಲ.

ಅದೇ ವರ್ಷ ಸರ್ಜನ್‌ಗಳ ಮೇಲೂ ಇಂಥದ್ದೇ ಪ್ರಯೋಗ ಆಯ್ತು. ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ಗುರಿ ಮುಟ್ಟುವ ಕೆಲಸ, ರೋಗಿಯ ಮೇಲಲ್ಲ, ತಾಲೀಮಿಗೆ. ಒಂದು ಗುಂಪಿಗೆ ಪರದೆ ಮೇಲೆ ದಾರಿ ತೋರಿಸುವ ಕಂಪ್ಯೂಟರ್ ಗೆರೆಗಳ ಸಹಾಯ ಇತ್ತು. ಅವರು ಗುರಿಯನ್ನು ಹೆಚ್ಚು ಕರಾರುವಾಕ್ಕಾಗಿ ಮುಟ್ಟಿದರು. ಆದರೆ ಅಲ್ಲೇ ಬೇಕೆಂದೇ ಇಟ್ಟಿದ್ದ ಒಂದು ಸ್ಕ್ರೂ ಅವರಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ. ಸಹಾಯ ಇಲ್ಲದವರ ಗುಂಪಿನಲ್ಲಿ ಅದನ್ನು ಕಂಡವರು ಜಾಸ್ತಿ. ಅಲ್ಲಿಗೆ, ಪರದೆ ಎಷ್ಟು ಚೆನ್ನಾಗಿ ದಾರಿ ತೋರಿಸುತ್ತೋ ಅಷ್ಟು ಸುತ್ತಲಿನದ್ದು ಮರೆಯಾಗುವ ಅಪಾಯವೂ ಇದೆ ಅಂತ ಆಯ್ತು.

ಇವೆಲ್ಲ ಪ್ರಯೋಗ. ಈಗ ನಿಜವಾಗಿ ನಡೆದದ್ದು ಹೇಳ್ತೀನಿ. ಇದು ಸರ್ಜರಿ ಶುರುವಾಗುವ ಮೊದಲೇ, ಅರಿವಳಿಕೆ ಕೊಡುವಾಗ ಆದದ್ದು. ಆದರೂ ನಾನು ಹೇಳ್ತಿರುವ ವಿಷಯಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

2005ರ ಮಾರ್ಚ್, ಇಂಗ್ಲೆಂಡ್. ಎಲೇನ್ ಬ್ರಾಮಿಲಿ, 37 ವರ್ಷ, ಎರಡು ಪುಟ್ಟ ಮಕ್ಕಳ ತಾಯಿ. ಸೈನಸ್ ಆಪರೇಷನ್‌ಗೆ ಹೋದರು. ಮಾಮೂಲಿ ಆಪರೇಷನ್. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ದೇಹದಲ್ಲಿ ಆಕ್ಸಿಜನ್ ಕುಸಿಯತೊಡಗಿತು. ಗಂಟಲಿಗೆ ಟ್ಯೂಬ್ ಹಾಕಲು ಪ್ರಯತ್ನಿಸಿದರು, ಆಗಲಿಲ್ಲ. ಇನ್ನೊಬ್ಬ ಅರಿವಳಿಕೆ ತಜ್ಞರು ಬಂದರು, ಕಿವಿ-ಮೂಗು-ಗಂಟಲಿನ ಸರ್ಜನ್ ಬಂದರು. ಮೂವರೂ ಅನುಭವಿಗಳು. ಥಿಯೇಟರ್‌ನಲ್ಲಿ ಎಲ್ಲ ಸಲಕರಣೆ ಇತ್ತು. ಟ್ಯೂಬ್, ಮತ್ತೆ ಟ್ಯೂಬ್, ಮತ್ತೊಂದು ಸಲ ಟ್ಯೂಬ್. ಟ್ಯೂಬ್ ಹಾಕಲೂ ಆಗದೆ, ಉಸಿರು ಕೊಡಲೂ ಆಗದೆ ಹೋದಾಗ ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಗಾಳಿ ಕೊಡಬೇಕು ಅನ್ನೋದು ಆ ಮೂವರೂ ಓದಿದ ಪಾಠವೇ. ಓದಿದ್ದರೂ ಟ್ಯೂಬ್‌ನಿಂದ ಆಚೆ ಬರಲಿಲ್ಲ. ಅವರ ಪಾಲಿಗೆ ಗಡಿಯಾರ ನಿಂತುಹೋಗಿತ್ತು. ಹತ್ತು ನಿಮಿಷ ಕಳೀತು, ಇಪ್ಪತ್ತು ನಿಮಿಷ ದಾಟಿತು.

ಆ ಕೋಣೆಯಲ್ಲಿ ಅದು ಗೊತ್ತಿದ್ದವರು ಇದ್ದರು. ನರ್ಸ್‌ಗಳು. ಒಬ್ಬ ನರ್ಸ್ ಕುತ್ತಿಗೆಗೆ ತೂತು ಮಾಡುವ ಸೆಟ್ಟನ್ನು ತಂದಿಟ್ಟು ಹೇಳಿದರು. ಕೇಳಿಸಲಿಲ್ಲ. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಬೆಡ್ ಕಾಯ್ದಿರಿಸಿ ಬಂದು ಹೇಳಿದರು. ಇಷ್ಟಕ್ಕೆಲ್ಲ ಗಾಬರಿನಾ ಅನ್ನುವ ಹಾಗೆ ಡಾಕ್ಟರ್‌ಗಳು ನೋಡಿದರಂತೆ. ಅವರು ಹೋಗಿ ಬೆಡ್ ಬೇಡ ಅಂತ ಹೇಳಿ ಬಂದರು. ಎಲೇನ್‌ಗೆ ಮತ್ತೆ ಪ್ರಜ್ಞೆ ಬರಲಿಲ್ಲ. 13 ದಿನದ ನಂತರ ತೀರಿಕೊಂಡರು.

ಹಕ್ಕಿಯ ಕಣ್ಣು ಕಾಣ್ತಿತ್ತು ಮೂವರಿಗೂ. ಮರ ಉರೀತಿದೆ ಅಂತ ಪಕ್ಕದಲ್ಲಿ ನಿಂತವರು ಹೇಳಿದ್ದು ಕೇಳಿಸಲಿಲ್ಲ.

ಎಲೇನ್ ಗಂಡ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ವಿಮಾನ ಬಿದ್ದರೆ ಯಾಕೆ ಅಂತ ತನಿಖೆ ಆಗುತ್ತೆ, ಇಲ್ಲಿ ಯಾಕೆ ಆಗಲ್ಲ ಅಂತ ಕೇಳಿದರು. ಯಾರನ್ನೋ ಜೈಲಿಗೆ ಹಾಕೋಕಲ್ಲ, ತಿಳಿಯೋಕೆ. ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಬೆವರು ಸುರಿಸಿ ಕಲಿಯೋದು ವಿಮಾನ ಇಳಿಸೋದನ್ನು ಮಾತ್ರ ಅಲ್ಲ. ಕ್ಯಾಪ್ಟನ್ ಒಂದೇ ದೀಪವನ್ನು ನೋಡ್ತಾ ಕೂತಾಗ ಪಕ್ಕದ ಕಿರಿಯ ಪೈಲಟ್ ಹೇಗೆ ಗಟ್ಟಿಯಾಗಿ ಹೇಳಬೇಕು, ಕ್ಯಾಪ್ಟನ್ ಹೇಗೆ ಕೇಳಿಸಿಕೊಳ್ಳಬೇಕು ಅನ್ನೋದನ್ನೂ ಅಲ್ಲೇ ಕಲೀತಾರೆ. ಆಸ್ಪತ್ರೆಗಳಿಗೂ ಇದು ಬರಬೇಕು ಅಂತ 2007ರಲ್ಲಿ ಮಾರ್ಟಿನ್ ಒಂದು ಸಂಘಟನೆಯನ್ನೇ ಕಟ್ಟಿದರು. ಆ ಡಾಕ್ಟರ್‌ಗಳು ಮತ್ತೆ ಕೆಲಸಕ್ಕೆ ಮರಳಿದರು. ಅವರು ಮರಳಬೇಕು ಅನ್ನೋದೇ ನನ್ನ ಆಸೆಯೂ ಆಗಿತ್ತು ಅಂದರು ಈ ಮನುಷ್ಯ. ಹೆಂಡತಿಯನ್ನು ಕಳೆದುಕೊಂಡವರು ಆಡಿದ ಮಾತು ಇದು.

ಹಾಗಾದರೆ ತಲ್ಲೀನತೆ ಬೇಡವಾ? ಬೇಕು. ಗಳಿಗೆಗೊಮ್ಮೆ ಫೋನ್ ನೋಡುವ ಸರ್ಜನ್ ಕೈಗೆ ಯಾರು ಹೊಟ್ಟೆ ಕೊಡ್ತಾರೆ? ಆದರೆ ಕೆನಡಾದ ಟೊರಾಂಟೋದ ಸರ್ಜನ್ ಕ್ಯಾರಲ್-ಆನ್ ಮೌಲ್ಟನ್ 2007ರಲ್ಲಿ ಒಂದು ವಿಚಾರ ಮುಂದಿಟ್ಟರು. ನಿಜವಾದ ಪರಿಣತರ ಲಕ್ಷಣ ಸರಾಗವಾಗಿ ಸಾಗೋದು ಮಾತ್ರ ಅಲ್ಲ, ಬೇಕಾದ ಕಡೆ ನಿಧಾನ ಆಗೋದು. ಆಮೇಲೆ ಸರ್ಜನ್‌ಗಳನ್ನು ಮಾತಾಡಿಸಿದರು, ಥಿಯೇಟರ್‌ನಲ್ಲಿ ನಿಂತು ನೋಡಿದರು. ನುರಿತವರು ಹಾಡು ಕೇಳ್ತಾ, ಮಾತಾಡ್ತಾ ಆಪರೇಷನ್ ಮಾಡ್ತಿರ್ತಾರೆ. ಕಷ್ಟದ ಜಾಗ ಬಂದ ತಕ್ಷಣ ಮಾತು ನಿಲ್ಲುತ್ತೆ, ಹಾಡು ಆಫ್ ಮಾಡಿ ಅಂತಾರೆ, ಕೈ ನಿಲ್ಲುತ್ತೆ, ಒಂದು ಹೆಜ್ಜೆ ಹಿಂದೆ ಸರಿದು ನೋಡ್ತಾರೆ. ಹಾಗೆ ನಿಲ್ಲದೆ ಅದೇ ಲಯದಲ್ಲಿ ತೇಲಿಕೊಂಡು ಹೋಗೋದು ಅಪಾಯ. ಘಾಟಿಯಲ್ಲಿ ಬಸ್ ಓಡಿಸುವ ನಮ್ಮ ಕೆಎಸ್‌ಆರ್‌ಟಿಸಿ ಡ್ರೈವರ್‌ಗೆ ಇದನ್ನು ಯಾರೂ ಪೇಪರ್ ಬರೆದು ಹೇಳಬೇಕಾಗಿಲ್ಲ. ಯಾವ ತಿರುವಿನಲ್ಲಿ ರೇಡಿಯೋ ಬಂದ್ ಮಾಡಬೇಕು ಅಂತ ಅವರಿಗೆ ಗೊತ್ತು.

ಈ ನಿಲ್ಲುವಿಕೆಯನ್ನು ವಿಆರ್ ಕಲಿಸಬಹುದಾ? ಧಾರಾಳವಾಗಿ ಕಲಿಸಬಹುದು. ಹೆಡ್‌ಸೆಟ್ ಹಾಕಿಕೊಂಡವನು ಮುಳುಗಿರುವಾಗ ನಡುವೆ ಮಾನಿಟರ್ ಶಬ್ದ ಬದಲಾಗಲಿ. ಪಕ್ಕದಿಂದ ಸಿಸ್ಟರ್ ದನಿ ಬರಲಿ, ಸರ್, ಬಿಪಿ ಇಳೀತಿದೆ ಅಂತ. ಅಂಗರಚನೆ ಪುಸ್ತಕದಲ್ಲಿ ಇದ್ದ ಹಾಗೆ ಇಲ್ಲದ ಹೊಟ್ಟೆ ಎದುರಾಗಲಿ. ಆಮೇಲೆ ಅಂಕ ಕೊಡಿ. ಕೈ ಎಷ್ಟು ನೆಟ್ಟಗೆ ಓಡಿತು ಅನ್ನೋದಕ್ಕೆ ಮಾತ್ರ ಅಲ್ಲ, ಎಲ್ಲಿ ಕೈ ನಿಲ್ಲಿಸಿದೆ, ಸಿಸ್ಟರ್ ಹೇಳಿದ್ದು ಎಷ್ಟನೇ ಸೆಕೆಂಡಿಗೆ ಕೇಳಿಸ್ತು, ಗೊತ್ತಾಗದಿದ್ದಾಗ ಹಿರಿಯರನ್ನು ಕರೆದೆಯಾ ಅನ್ನೋದಕ್ಕೂ. ಇದಕ್ಕೆ ಅಂಕ ಇಲ್ಲದಿದ್ದರೆ ಯಾವ ವಿದ್ಯಾರ್ಥಿ ಕಲೀತಾನೆ? ಪರೀಕ್ಷೆಗೆ ಬರದ ಪಾಠ ಓದಿದ ಅಭ್ಯಾಸ ನಮಗಿದೆಯಾ?

ನಮ್ಮಲ್ಲೂ 2019ರಿಂದ ಎಂಬಿಬಿಎಸ್ ಪಠ್ಯಕ್ರಮ ಬದಲಾಗಿದೆ, ಮೆಡಿಕಲ್ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ ಕಡ್ಡಾಯ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲೇ ಎಂಡೋಸ್ಕೋಪಿ ಕಲಿಸುವ ಸಿಮ್ಯುಲೇಟರ್ ಮಾಡುವ ಸ್ಟಾರ್ಟಪ್ ಹುಟ್ಟಿದೆ. ಒಳ್ಳೆಯದು. ಇನ್ನು ಮುಂದೆ ವಿಆರ್ ಲ್ಯಾಬ್ ಉದ್ಘಾಟನೆಗಳೂ ನಡೆಯುತ್ತವೆ. ಮಂತ್ರಿಗಳು ಬರ್ತಾರೆ, ಹೆಡ್‌ಸೆಟ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ತಾರೆ, ನಾವೂ ತೋರಿಸ್ತೀವಿ. ಆ ಲ್ಯಾಬ್ ಬಾಗಿಲು ಮಾರನೆ ದಿನ ತೆಗೆದಿರುತ್ತಾ, ಕೀಲಿ ಯಾರ ಹತ್ತಿರ ಇರುತ್ತೆ ಅನ್ನೋದು ಇನ್ನೊಂದು ದಿನದ ಚರ್ಚೆ. ಕೊಳ್ಳುವ ಮುಂಚೆ ಯೇಲ್‌ನವರು ಕೇಳಿದ ಪ್ರಶ್ನೆ ಕೇಳಿ: ಎಷ್ಟು ಗಂಟೆ ಕೂತ ಅಂತಲ್ಲ, ಯಾವ ಮಟ್ಟ ಮುಟ್ಟಿದ ಅಂತ. ಜೊತೆಗೆ ಪಿಜಿ ವಿದ್ಯಾರ್ಥಿಯನ್ನು ಒಬ್ಬನನ್ನೇ ಒಳಗೆ ಕಳಿಸಬೇಡಿ, ಓಟಿಯ ಸಿಸ್ಟರ್‌ನೂ ಅರಿವಳಿಕೆ ಕಲಿಯುವವರನ್ನೂ ಒಟ್ಟಿಗೆ ಕಳಿಸಿ. ನಮ್ಮ ಆಸ್ಪತ್ರೆಗಳಲ್ಲಿ ದೊಡ್ಡ ಡಾಕ್ಟರ್ ಎದುರು ಸಿಸ್ಟರ್‌ಗಳು ಎಷ್ಟು ಗಟ್ಟಿಯಾಗಿ ಮಾತಾಡಬಲ್ಲರು ಅನ್ನೋದು ನಿಮಗೇ ಗೊತ್ತಿದೆ.

ಬ್ರಿಟನ್ನಿನಲ್ಲಿ ಉಸಿರಿನ ದಾರಿ ಕಷ್ಟವಾದಾಗ ಏನು ಮಾಡಬೇಕು ಅಂತ ಅರಿವಳಿಕೆ ತಜ್ಞರು 2015ರಲ್ಲಿ ಹೊಸ ಸೂತ್ರ ಹೊರಡಿಸಿದರು. ಗಂಟಲಿಗೆ ಟ್ಯೂಬ್ ಹಾಕುವ ಪ್ರಯತ್ನ ಹೆಚ್ಚೆಂದರೆ ಮೂರು ಸಲ. ಹೆಚ್ಚು ಅನುಭವಿ ಬಂದರೆ ಇನ್ನೊಂದು ಸಲ. ಅಷ್ಟಕ್ಕೂ ಆಗದಿದ್ದರೆ ಟ್ಯೂಬ್ ಕೈಬಿಟ್ಟು ಮುಂದಿನ ಹೆಜ್ಜೆ. ಮುಳುಗಿರುವವನಿಗೆ ಎಷ್ಟನೇ ಸಲ ಅನ್ನೋದು ನೆನಪಿರಲ್ಲ. ಪಕ್ಕದಲ್ಲಿ ನಿಂತವರು ಎಣಿಸಿ, ಬಾಯಿಬಿಟ್ಟು ಹೇಳಬೇಕು.